ಕಾಂಗ್ರೆಸ್ ಗಿಡದ ಅಕ್ಕ

ವಿಜಯನಗರದಲ್ಲಿ ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ. ನಾಲ್ಕು ಮಳೆ ಬಿದ್ದರೆ ಸಾಕು, ಸೊಂಟದೆತ್ತರ ಕಾಂಗ್ರೆಸ್ ಗಿಡ. ಅಕ್ಕಿನುಚ್ಚು ಚೆಲ್ಲಿದಂತೆ ಕಾಣುವ ಆ ಹೂವೊಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ: ಅಂಚಿನಲ್ಲಿ ಐದೇ ಐದು ಪುಟ್ಟ ಎಸಳು, ಎಸಳಿಗೊಂದು ಬೀಜ. ಹೀಗೆ ಐದೈದೇ ಕೂಡಿಸಿ ಒಂದು ಗಿಡ ಹದಿನೈದು ಸಾವಿರ ಬೀಜ ಉದುರಿಸುತ್ತದೆ. ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳಿನ ಕುಲವೇ ಇದರದ್ದೂ.

ಐವತ್ತರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದ ಗೋಧಿಯ ಜೊತೆ ಬಂತೆಂಬ ಮಾತು ಈಗಲೂ ಇದೆ. ಗೋಧಿ ತರಿಸಿದ್ದು ಕಾಂಗ್ರೆಸ್ ಸರ್ಕಾರ ಅಂತಲೋ, ಹೂವು ಗಾಂಧಿ ಟೋಪಿಯ ಬಿಳುಪು ಅಂತಲೋ ಜನ ಹೆಸರಿಟ್ಟರು. ಗೋಧಿ ಖರ್ಚಾಯಿತು, ಹೆಸರು ಉಳಿಯಿತು. 1984ರಲ್ಲಿ ಇದನ್ನು ತಿನ್ನಿಸಲೆಂದೇ ಮೆಕ್ಸಿಕೊದ ದುಂಬಿಯನ್ನು ನಮ್ಮ ಬೆಂಗಳೂರಿನಲ್ಲೇ ಬಿಟ್ಟರು. ಕೆನೆಬಣ್ಣದ ಬೆನ್ನಿನ ಮೇಲೆ ಕಪ್ಪು ಗೀರು. ಮಳೆಗಾಲದಲ್ಲಿ ಕೆಂಗೇರಿ ಕಡೆ ಈಗಲೂ ಸಿಗುತ್ತದೆ. ಎಲೆ ಬೋಳಿಸುತ್ತದೆ, ನಿಜ. ಬೇಸಿಗೆಯಲ್ಲಿ ಮಣ್ಣು ಸೇರಿ ಮಲಗುತ್ತದೆ, ಗಿಡ ಮಾತ್ರ ಮಲಗುವುದಿಲ್ಲ.

ಇದಕ್ಕೊಬ್ಬಳು ಅಕ್ಕ ಇದ್ದಾಳೆ. ಉತ್ತರ ಮೆಕ್ಸಿಕೊ ಮತ್ತು ಟೆಕ್ಸಾಸ್‌ನ ಚಿವಾವಾ ಮರುಭೂಮಿಯ ಗ್ವಾಯೂಲೆ. ಬೂದು ಎಲೆಯ, ಮೊಣಕಾಲೆತ್ತರದ ಪೊದೆ. ಗೀರಿದರೆ ಹಾಲು ಸುರಿಯುವುದಿಲ್ಲ, ತೊಗಟೆ, ಕಾಂಡ ಅರೆದರೆ ಒಳಗಿಂದ ರಬ್ಬರ್ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ಕೈಸೇರಿದಾಗ, 1942ರಲ್ಲಿ ಅಮೆರಿಕ ಅವಸರಕ್ಕೆ ಈ ಪೊದೆಯನ್ನೇ ಬೆಳೆಸಿತು. ಯುದ್ಧ ಮುಗಿದ ಮೇಲೆ ಆ ಹೊಲಗಳನ್ನು ನಾಶಮಾಡಿತು. ಕೆಲಸ ಮುಗಿದ ಕೂಲಿಯವರನ್ನು ಕಳಿಸುವುದು ಹಾಗೇ ತಾನೇ.

ತಮಾಷೆ ಏನೆಂದರೆ, ಮಾಮೂಲಿ ರಬ್ಬರ್ ಮರದ ಹಾಲಿನಲ್ಲಿರುವ ಪ್ರೋಟೀನು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಗ್ವಾಯೂಲೆಯ ರಬ್ಬರಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಆಸ್ಪತ್ರೆಯ ಕೈಗವಸಿಗೆ ಅದೇ ಲೇಸೆಂದು ಅದರ ಕಡೆ ಮತ್ತೆ ಕಣ್ಣು ಹಾಯಿಸಿದ್ದಾರೆ. ತಂಗಿ ಮುಟ್ಟಿದರೆ ನವೆ, ಅಕ್ಕ ನವೆಯಿಲ್ಲದ ಗವಸು.

ಕಳೆದ ಶನಿವಾರ ಸೈಟು ಸ್ವಚ್ಛ ಮಾಡಲು ಒಬ್ಬಾಕೆ ಬಂದಿದ್ದರು. ಹೂ ಬಿಟ್ಟ ಗಿಡವನ್ನು ಬುಡಸಮೇತ ಕೀಳುತ್ತಿದ್ದರು. ಗವಸು ಕೊಡಲಿಲ್ಲವೇನಮ್ಮ ಅಂದೆ. ಅವರು ನಕ್ಕು, ಹಾಲಿನ ಕವರ್ ಸುತ್ತಿಕೊಂಡ ಕೈ ಎತ್ತಿ ತೋರಿಸಿದರು.