ಧ್ವಜವೂ ನೂಲುವ ಕೈಯೂ

ಸ್ವಾತಂತ್ರ್ಯದಿನದಂದು ನಮ್ಮ ಪಟ್ಟಣಗಳಲ್ಲಿ ಧ್ವಜವಂದನೆಗೆ ನೆರೆಯುವ ಸಹಸ್ರಾರು ಜನರಲ್ಲಿ, ಆ ಧ್ವಜದ ನೂಲನ್ನು ಯಾರು ನೂತರು, ಬಟ್ಟೆಯನ್ನು ಯಾರು ನೆಯ್ದರು, ಅವರಿಗೆ ದೊರೆತ ಕೂಲಿ ಎಷ್ಟು ಎಂದು ಕೇಳುವವರು ವಿರಳ. ನಮ್ಮ ವಂದನೆಯು ಕಣ್ಣಿಗೆ ಕಾಣುವ ಬಣ್ಣಗಳಿಗೆ ಸಲ್ಲುತ್ತದೆಯೇ ಹೊರತು ಬಣ್ಣವನ್ನು ಹೊತ್ತ ಎಳೆಗಳಿಗೆ ಸಲ್ಲುವುದಿಲ್ಲ. ಧ್ವಜಕ್ಕೂ ಕೈನೂಲಿಗೂ ಕಟ್ಟಳೆಯಿಂದ ಬೆಸೆದುಕೊಂಡಿದ್ದ ಸಂಬಂಧವು 2021 ರ ಡಿಸೆಂಬರ್ 30 ರಂದು ಸಡಿಲಗೊಂಡಿತಾದ ಕಾರಣ, ಈ ಪ್ರಶ್ನೆಯನ್ನು ವಿಚಾರಶೀಲರಾದ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಪೂರ್ವವೃತ್ತಾಂತವನ್ನು ಸ್ಮರಿಸುವುದು ಅವಶ್ಯ. 1947 ರ ಜುಲೈ 22 ರಂದು ಸಂವಿಧಾನಸಭೆಯು ರಾಷ್ಟ್ರಧ್ವಜವನ್ನು ಅಂಗೀಕರಿಸಿದಾಗ, ಹಿಂದಿನ ಧ್ವಜದ ಮೇಲಿದ್ದ ಚರಕದ ಸ್ಥಾನದಲ್ಲಿ ಅಶೋಕಸ್ತಂಭದ ಧರ್ಮಚಕ್ರವು ಬಂದಿತು. ಚಿತ್ರದಿಂದ ಮರೆಯಾದ ಚರಕವು ಬಟ್ಟೆಯಲ್ಲಿ ಉಳಿಯಿತು. ಸ್ವತಂತ್ರ ಭಾರತದ ಮಾನಕ ಸಂಸ್ಥೆಯು ರಚಿಸಿದ ಮಾನಕಗಳ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆಯೇ ಧ್ವಜದ್ದು. ಅದು ಪ್ರಕಟವಾದುದು 1951 ರಲ್ಲಿ. 2002 ರ ಧ್ವಜಸಂಹಿತೆಯೂ ಕೈಯಿಂದ ನೂತು ಕೈಯಿಂದ ನೆಯ್ದ ಬಟ್ಟೆಯನ್ನೇ ವಿಧಿಸಿತ್ತು. 2021 ರ ತಿದ್ದುಪಡಿಯು ಯಂತ್ರದಿಂದಾದ ಬಟ್ಟೆಗೂ ಪಾಲಿಯೆಸ್ಟರಿಗೂ ಸಮ್ಮತಿಯನ್ನಿತ್ತಿತು. ಚಿತ್ರವನ್ನು ಬಿಟ್ಟು ಬಟ್ಟೆಯನ್ನು ಸೇರಿದ್ದ ಚರಕಕ್ಕೆ ಬಟ್ಟೆಯಲ್ಲಿಯೂ ಖಚಿತವಾದ ಸ್ಥಾನವಿಲ್ಲದಂತಾಯಿತು.

ಕನ್ನಡನಾಡಿಗೆ ಇದು ದೂರದ ಸುದ್ದಿಯಲ್ಲ. ಹುಬ್ಬಳ್ಳಿಯು ಡಾ. ನಾ. ಸು. ಹರ್ಡೀಕರರ ಸೇವಾದಳದ ಕರ್ಮಭೂಮಿ. ಧ್ವಜವಂದನೆಯ ಶಿಸ್ತನ್ನು ದೇಶಕ್ಕೆ ಕಲಿಸಿದವರಲ್ಲಿ ಅವರು ಅಗ್ರಗಣ್ಯರು. ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957 ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು, 2006 ರಲ್ಲಿ ಮಾನಕ ಸಂಸ್ಥೆಯ ಮುದ್ರೆಯನ್ನು ಪಡೆದು, ಬಹುಕಾಲ ದೇಶದ ಅಧಿಕೃತ ಧ್ವಜಗಳನ್ನು ಪೂರೈಸಿದ ಏಕಮಾತ್ರ ಸಂಸ್ಥೆಯೆನಿಸಿತ್ತು. ಧ್ವಜದ ಬಟ್ಟೆಯು ಬಾಗಲಕೋಟೆಯ ಕಡೆಯ ತುಳಸಿಗೇರಿಯಲ್ಲಿ ನೇಯಲ್ಪಡುತ್ತದೆ; ಧಾರವಾಡದ ಬಳಿಯ ಗರಗಕ್ಕೂ ಈ ಕಾರ್ಯದಲ್ಲಿ ಹಳೆಯ ಕೀರ್ತಿಯುಂಟು. ಬೆಂಗೇರಿಗೆ ಬಂದ ಬಟ್ಟೆಗೆ ಬಣ್ಣ ಹಾಕಿ, ಬಿಳಿಯ ಪಟ್ಟಿಯ ಎರಡು ಮಗ್ಗುಲಲ್ಲಿಯೂ 24 ಅರಗಳ ಚಕ್ರವನ್ನು ಒಂದಕ್ಕೊಂದು ಸರಿಹೊಂದುವಂತೆ ಒತ್ತಿ, ಹೊಲಿಯುತ್ತಾರೆ. ಆರು ಅಂಗುಲಕ್ಕೆ ನಾಲ್ಕು ಅಂಗುಲದಿಂದ ಮೊದಲಾಗಿ 21 ಅಡಿಗೆ 14 ಅಡಿಯವರೆಗೆ ಒಂಬತ್ತು ಅಳತೆಗಳು. ಈ ಕೆಲಸದಲ್ಲಿ ತೊಡಗಿದವರಲ್ಲಿ ಬಹುಪಾಲು ಜನ ಸ್ತ್ರೀಯರು.

ಇಂತಹ ಸಂಘಗಳ ಸ್ವರೂಪವನ್ನು ಪಟ್ಟಣಿಗರು ಸರಿಯಾಗಿ ಅರಿತಂತಿಲ್ಲ. ಇವು ಲಾಭವನ್ನು ಪಾಲುದಾರರಿಗೆ ಹಂಚುವ ವ್ಯಾಪಾರದ ಮಂಡಲಿಗಳಲ್ಲ; ಉಳಿದುದನ್ನು ಕಾರ್ಯಕ್ಕೇ ತೊಡಗಿಸುವ ಸೇವಾಸಂಸ್ಥೆಗಳು. ಕೊಂಡವನು ಕೊಟ್ಟ ಹಣದಲ್ಲಿ ದೊಡ್ಡ ಭಾಗವು ಕೂಲಿಯ ರೂಪದಿಂದ ಹಳ್ಳಿಯನ್ನು ಸೇರಿ, ಅಲ್ಲಿಯ ಸಂತೆಯಲ್ಲಿ ಜೋಳವಾಗಿ, ಮಕ್ಕಳ ಶಾಲೆಯ ಪುಸ್ತಕವಾಗಿ ಮಾರ್ಪಡುತ್ತದೆ. ಹೊಲದ ಕೆಲಸವಿಲ್ಲದ ಬೇಸಗೆಯಲ್ಲಿ ಊರು ಬಿಡದೆ ಉಣ್ಣುವ ಮಾರ್ಗವನ್ನು ಹೆಣ್ಣುಮಗಳೊಬ್ಬಳಿಗೆ ಒದಗಿಸುವುದು ಸಣ್ಣ ಕೆಲಸವಲ್ಲ.

ತಿದ್ದುಪಡಿಯ ಪರವಾದ ವಾದವನ್ನು ನಾವು ಹಗುರಾಗಿ ಕಾಣುವುದಿಲ್ಲ. 2022 ರಲ್ಲಿ ಮನೆಮನೆಗೂ ಧ್ವಜವೆಂಬ ಕಾರ್ಯಕ್ರಮವನ್ನು ಸರಕಾರವು ಕೈಕೊಂಡಾಗ, ಕೋಟಿಗಟ್ಟಲೆ ಧ್ವಜಗಳನ್ನು ಕೆಲವೇ ತಿಂಗಳಲ್ಲಿ ಕೈಮಗ್ಗವು ಒದಗಿಸಲಾರದೆಂಬುದು ನಿಜ. ಬಡವನ ಮನೆಯ ಮೇಲೆಯೂ ಧ್ವಜ ಹಾರಲೆಂಬ ಅಪೇಕ್ಷೆಯು ಯೋಗ್ಯವಾದುದೇ. ಆದರೆ ಮನೆಗಳಿಗೆ ಅನುಕೂಲವಾಗಲೆಂದು ತೆರೆದ ಬಾಗಿಲಿನಿಂದ ಕಚೇರಿಗಳೂ ಶಾಲೆಗಳೂ ನಗರಸಭೆಗಳೂ ನುಸುಳಿ ಹೋಗುವುದು ನ್ಯಾಯವೇ? ಖಾದಿಯನ್ನು ಸಂಹಿತೆಯು ನಿಷೇಧಿಸಿಲ್ಲ. ಆಯ್ಕೆಯನ್ನು ನಮ್ಮ ಕೈಗೆ ಬಿಟ್ಟಿದೆ. ಆದುದರಿಂದ ಇನ್ನು ಮೇಲೆ ದೋಷವು ಕಟ್ಟಳೆಯದೆಂದು ಹೇಳಿ ನಾವು ಜಾರಿಕೊಳ್ಳುವಂತಿಲ್ಲ.

ಇನ್ನೊಂದು ವಿಚಾರವೂ ಇದೆ. ಪಾಲಿಯೆಸ್ಟರು ಭೂಗರ್ಭದ ಎಣ್ಣೆಯಿಂದ ಹುಟ್ಟಿದ ವಸ್ತು. ಮಣ್ಣಿಗೆ ಬಿದ್ದರೆ ಬಹುಕಾಲ ಕರಗದು. ಜೀರ್ಣವಾದ ಧ್ವಜವನ್ನು ಏಕಾಂತದಲ್ಲಿ, ಗೌರವದಿಂದ, ಆದಷ್ಟು ಮಟ್ಟಿಗೆ ದಹನದ ಮೂಲಕ ವಿಸರ್ಜಿಸಬೇಕೆಂದು ಸಂಹಿತೆಯು ಹೇಳುತ್ತದೆ. ಹತ್ತಿಯ ಬಟ್ಟೆಯು ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರು ಕರಗಿ, ದುರ್ಗಂಧದ ಹೊಗೆಯನ್ನು ಕಾರಿ, ಕರಿಯ ಗಂಟಾಗಿ ಉಳಿಯುತ್ತದೆ. ಅಗಸ್ಟ್ 16 ರ ಬೆಳಗ್ಗೆ ಚರಂಡಿಯ ಬದಿಯಲ್ಲಿ ಕಾಣುವ ಅಗ್ಗದ ಧ್ವಜಗಳನ್ನು ಕಂಡು ನೋಯದ ದೇಶಾಭಿಮಾನಿಯುಂಟೆ? ಸುಲಭವಾಗಿ ಬಂದುದು ಸುಲಭವಾಗಿಯೇ ಬೀದಿಪಾಲಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಸರಕಾರಿ ಕಟ್ಟಡಗಳ ಮೇಲೂ ವಿದ್ಯಾಲಯಗಳ ಮೇಲೂ ಕೈನೂಲಿನ ಧ್ವಜವನ್ನೇ ಏರಿಸುವೆವೆಂದು ರಾಜ್ಯ ಸರಕಾರವೂ ಸ್ಥಳೀಯ ಸಂಸ್ಥೆಗಳೂ ನಿರ್ಣಯಿಸಬೇಕು. ಬೇಡಿಕೆಯನ್ನು ಜುಲೈ ಕೊನೆಯಲ್ಲಿ ಕಳುಹಿಸುವ ಪದ್ಧತಿ ತಪ್ಪಬೇಕು. ಮಗ್ಗಕ್ಕೆ ಕಾಲ ಬೇಕು, ವರುಷದ ಆರಂಭದಲ್ಲಿಯೇ ಬೇಡಿಕೆಯೂ ಮುಂಗಡವೂ ಸಲ್ಲಿದರೆ ನೂಲುವವಳಿಗೆ ಹನ್ನೆರಡು ತಿಂಗಳೂ ಕೆಲಸವಿರುತ್ತದೆ. ಖಾದಿ ಸಂಸ್ಥೆಗಳಿಗೂ ನಮ್ಮದೊಂದು ಮಾತು: ಗಾಂಧೀಜಿಯವರ ಹೆಸರೊಂದರಿಂದ ಗಿರಾಕಿಯು ನಿಲ್ಲಲಾರನು. ಕೂಲಿಯು ಅಲ್ಪವಾಗಿರುವವರೆಗೆ ನೂಲುವವಳ ಮಗಳು ಚರಕದ ಬಳಿ ಕೂಡ್ರಲಾರಳು. ಕೂಲಿಯನ್ನು ಹೆಚ್ಚಿಸುವುದು, ಲೆಕ್ಕಪತ್ರಗಳನ್ನು ಜನರ ಮುಂದೆ ತೆರೆದಿಡುವುದು, ಧ್ವಜದ ಹೊರತಾದ ಬಟ್ಟೆಗೂ ಪೇಟೆಯನ್ನು ಹುಡುಕುವುದು ಅವರ ಪಾಲಿನ ಹೊಣೆ.

ಬೆಲೆಯು ಹೆಚ್ಚೆಂದು ಹೇಳುವ ಅಧಿಕಾರಿ ಮಹಾಶಯರಿಗೆ ನಮ್ಮ ವಿನಂತಿ ಇಷ್ಟೆ: ಉತ್ಸವದ ಹಂದರಕ್ಕೂ ಹಾರತುರಾಯಿಗಳಿಗೂ ನಿಮ್ಮ ಕಚೇರಿಯು ವೆಚ್ಚ ಮಾಡಿದ ಹಣದ ಪಕ್ಕದಲ್ಲಿ, ಒಂದು ಖಾದಿ ಧ್ವಜದ ಬೆಲೆಯನ್ನು ಬರೆದು ನೋಡಿರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆಯೆಂಬ ಗಾದೆಯು ವ್ಯಕ್ತಿಗೆ ಹೇಗೋ ರಾಷ್ಟ್ರಕ್ಕೂ ಹಾಗೆಯೇ ಅನ್ವಯಿಸುತ್ತದೆ. ಧ್ವಜವನ್ನು ಮುಗಿಲಿಗೇರಿಸುವ ಹಗ್ಗವು ನಮ್ಮ ಕೈಯಲ್ಲಿದೆ; ಅದರ ನೂಲು ಹಳ್ಳಿಯ ತಾಯಿಯ ಕೈಯಲ್ಲಿರಲಿ.