ಪಣಜಿಯ ಆಯ್ಕೆಯಲ್ಲಿ ಕಾರ್ಯಕರ್ತರಿಗೆ ಮತವೇ ಇರಲಿಲ್ಲ

2013ರ ಜೂನ್ 9ರಂದು ಪಣಜಿಯಲ್ಲಿ ನಡೆದ ಬಿಜೆಪಿ ರಾಷ್ಟ್ರೀಯ ಕಾರ್ಯಕಾರಿಣಿಯ ಕೊನೆಗೆ ಪಕ್ಷದ ಅಧ್ಯಕ್ಷ ರಾಜನಾಥ್ ಸಿಂಗ್ ಒಂದು ಹೆಸರು ಪ್ರಕಟಿಸಿದರು. ಲೋಕಸಭಾ ಚುನಾವಣೆಯ ಪ್ರಚಾರ ಸಮಿತಿಗೆ ನರೇಂದ್ರ ಮೋದಿ ಅಧ್ಯಕ್ಷರು ಎಂದರು. ಹೆಸರಿಗೆ ಅದು ಪ್ರಚಾರ ಸಮಿತಿ. ಅಲ್ಲಿ ಇತ್ಯರ್ಥವಾದದ್ದು ಪ್ರಧಾನಿ ಅಭ್ಯರ್ಥಿ ಯಾರೆಂಬುದು. ಸೆಪ್ಟೆಂಬರ್ 13ರಂದು ದೆಹಲಿಯಲ್ಲಿ ಬಿದ್ದದ್ದು ಮುದ್ರೆಯಷ್ಟೆ. ಅಂದಿನಿಂದ ಒಂದೇ ಜಗಳ ನಡೆದುಬಂದಿದೆ: ಲಾಲಕೃಷ್ಣ ಅಡ್ವಾಣಿಯವರಿಗೆ ಅನ್ಯಾಯವಾಯಿತೋ ಇಲ್ಲವೋ? ಈ ಜಗಳದಲ್ಲಿ ನಿಜವಾದ ಅನ್ಯಾಯ ಮರೆತೇಹೋಗಿದೆ. ಬೂತ್ ಮಟ್ಟದಲ್ಲಿ ದುಡಿಯುವ ಲಕ್ಷಾಂತರ ಸದಸ್ಯರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆ ಹೊತ್ತಿನ ಉಮೇದುವಾರರನ್ನು ಈಗ ಸಮಾಧಾನದಿಂದ ನೋಡೋಣ. ಮೋದಿ 2002, 2007, 2012ರಲ್ಲಿ ಗುಜರಾತನ್ನು ಸತತವಾಗಿ ಗೆದ್ದವರು. 2002ರ ಗಲಭೆಯ ಪ್ರಶ್ನೆಗಳನ್ನೂ ಹೊತ್ತು ಬಂದವರು. ಅಡ್ವಾಣಿ ಪಕ್ಷ ಕಟ್ಟಿದವರು. ಆದರೆ 85ರ ವಯಸ್ಸು, 2009ರಲ್ಲಿ ಅವರ ನೇತೃತ್ವದಲ್ಲೇ ಪಕ್ಷ 116 ಸ್ಥಾನಕ್ಕೆ ಇಳಿದಿತ್ತು. ಸುಷ್ಮಾ ಸ್ವರಾಜ್ ಲೋಕಸಭೆಯ ವಿರೋಧ ಪಕ್ಷದ ನಾಯಕಿ. 1999ರಲ್ಲಿ ಬಳ್ಳಾರಿಗೆ ಬಂದು ಕನ್ನಡದಲ್ಲಿ ಮತ ಕೇಳಿದ ಅವರನ್ನು ನಮ್ಮ ಜನ ಇನ್ನೂ ಮರೆತಿಲ್ಲ. ಮಧ್ಯಪ್ರದೇಶದ ಮುಖ್ಯಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ಅವರನ್ನು ಅಡ್ವಾಣಿಯವರೇ ಪಣಜಿ ಸಭೆಗೆ ಕೆಲವೇ ದಿನ ಮೊದಲು ಗ್ವಾಲಿಯರ್‌ನಲ್ಲಿ ಹೊಗಳಿದ್ದರು. ಒಬ್ಬೊಬ್ಬರದೂ ಒಂದೊಂದು ದಾರಿ. ಈ ನಾಲ್ವರು ಒಂದೇ ವೇದಿಕೆಯ ಮೇಲೆ ನಿಂತು ಆರ್ಥಿಕತೆ, ಗಲಭೆ, ಮಿತ್ರಪಕ್ಷಗಳ ಬಗ್ಗೆ ಸದಸ್ಯರ ಪ್ರಶ್ನೆಗೆ ಉತ್ತರಿಸಿದ್ದರೆ ದೇಶಕ್ಕೆ ಎಷ್ಟು ತಿಳಿಯುತ್ತಿತ್ತು! ಅಂಥ ಒಂದು ಸಂಜೆಯೂ ನಡೆಯಲಿಲ್ಲ.

ಅಡ್ವಾಣಿ ಅನಾರೋಗ್ಯದ ಕಾರಣ ಹೇಳಿ ಪಣಜಿಗೆ ಬರಲಿಲ್ಲ. ಮರುದಿನ ಪಕ್ಷದ ಹುದ್ದೆಗಳಿಗೆ ರಾಜೀನಾಮೆ ಕೊಟ್ಟರು. ಹೆಚ್ಚಿನ ನಾಯಕರಿಗೆ ಈಗ ತಮ್ಮ ತಮ್ಮ ಸ್ವಂತ ಲೆಕ್ಕಾಚಾರವೇ ಮುಖ್ಯವಾಗಿದೆ ಎಂದು ಪತ್ರದಲ್ಲಿ ನೊಂದುಕೊಂಡರು. ಜೂನ್ 11ರಂದು ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತ್ ಮಾತನಾಡಿದ ಮೇಲೆ ರಾಜೀನಾಮೆ ಹಿಂಪಡೆದರು. ಅವರ ನೋವು ಸುಳ್ಳಲ್ಲ. ಆದರೂ ಕಟುವಾಗಿ ಕೇಳಲೇಬೇಕು: ಸದಸ್ಯರಿಗೆ ಮತ ಕೊಡುವ ಪದ್ಧತಿಯನ್ನು ಅವರು ಅಧ್ಯಕ್ಷರಾಗಿದ್ದಾಗ ಏಕೆ ಕಟ್ಟಲಿಲ್ಲ? 1995ರ ಮುಂಬೈ ಅಧಿವೇಶನದಲ್ಲಿ ವಾಜಪೇಯಿಯವರನ್ನು ಪ್ರಧಾನಿ ಅಭ್ಯರ್ಥಿ ಎಂದು ವೇದಿಕೆಯಿಂದ ಘೋಷಿಸಿದವರು ಅವರೇ. 2007ರ ಡಿಸೆಂಬರ್‌ನಲ್ಲಿ ಅವರನ್ನು ಅಭ್ಯರ್ಥಿ ಮಾಡಿದ್ದೂ ಸಂಸದೀಯ ಮಂಡಳಿಯೇ. 2002ರ ಏಪ್ರಿಲ್‌ನಲ್ಲಿ ಇದೇ ಪಣಜಿಯಲ್ಲಿ ಮೋದಿ ರಾಜೀನಾಮೆಗೆ ಮುಂದಾದಾಗ, ಅವರ ಬೆನ್ನಿಗೆ ನಿಂತವರು ಅಡ್ವಾಣಿ. ಆ ಸಭೆ ರಾಜೀನಾಮೆ ಬೇಡವೆಂದಿತು. ಮೇಲಿನ ಕೆಲವರ ತೀರ್ಮಾನವೇ ಪಕ್ಷದ ತೀರ್ಮಾನ ಎಂಬ ನಿಯಮ ಅವರಿಗೆ ಅನುಕೂಲವಾಗಿದ್ದಷ್ಟು ಕಾಲ ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಮತ ಹಾಕಿಸಿದ್ದರೂ ಮೋದಿಯೇ ಗೆಲ್ಲುತ್ತಿದ್ದರು ಎಂದು ಹಲವರು ವಾದಿಸುತ್ತಾರೆ. ಇರಬಹುದು, ಕಾರ್ಯಕರ್ತರ ಒಲವು ಅವರತ್ತ ಇದ್ದದ್ದು ಎದ್ದು ಕಾಣುತ್ತಿತ್ತು. ಹಾಗಿದ್ದರೆ ಮತ ಹಾಕಿಸಲು ಅಂಜಿಕೆ ಏತಕ್ಕೆ? ಮತದಿಂದ ಗೆದ್ದ ನಾಯಕ ಸದಸ್ಯರಿಗೆ ಋಣಿ. ಮೇಲಿನವರ ಘೋಷಣೆಯಿಂದ ಬಂದ ನಾಯಕನನ್ನು ಪ್ರಶ್ನಿಸಲು ಸದಸ್ಯರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕಾಂಗ್ರೆಸ್ಸಿನವರು ಈ ಮಾತು ಓದಿ ಹಿಗ್ಗಬೇಕಿಲ್ಲ. 1966ರ ಜನವರಿಯಲ್ಲಿ ಅವರ ಸಂಸದರು ಇಂದಿರಾ ಗಾಂಧಿಯವರಿಗೆ 355, ಮೊರಾರ್ಜಿ ದೇಸಾಯಿಯವರಿಗೆ 169 ಮತ ಹಾಕಿ ಪ್ರಧಾನಿಯನ್ನು ಆರಿಸಿದ್ದರು. ಆ ಪಕ್ಷವೇ ಮುಂದೆ ಹೈಕಮಾಂಡ್ ಎಂಬ ಪಿಡುಗನ್ನು ನಾಡಿಗೆಲ್ಲ ಹಂಚಿತು. 2014ರಲ್ಲಿ ರಾಹುಲ್ ಗಾಂಧಿ ಕೆಲವು ಲೋಕಸಭಾ ಕ್ಷೇತ್ರಗಳಲ್ಲಿ ಅಭ್ಯರ್ಥಿಯನ್ನು ಪಕ್ಷದವರ ಮತದಿಂದ ಆರಿಸುವ ಪ್ರಯೋಗ ಮಾಡಿದರು. ಅದರಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಸೇರಿದ್ದವು. ದಕ್ಷಿಣ ಕನ್ನಡದಲ್ಲಿ ಕೇಂದ್ರ ಸಚಿವ ವೀರಪ್ಪ ಮೊಯಿಲಿಯವರ ಮಗನನ್ನು ಹಿಂದಿಕ್ಕಿ ಜನಾರ್ದನ ಪೂಜಾರಿ ಗೆದ್ದರು. ಸಚಿವರ ಮಗನೂ ಮತ ಕೇಳಿ ಸೋಲಬಹುದು ಎಂದು ಅಂದು ಸಾಬೀತಾಯಿತು. ಚುನಾವಣೆಯಲ್ಲಿ ಎರಡೂ ಕ್ಷೇತ್ರ ಬಿಜೆಪಿ ಪಾಲಾದವು. ಪಕ್ಷ ಆ ಪ್ರಯೋಗವನ್ನೇ ಕೈಬಿಟ್ಟಿತು. ದೇಶದ ತುಂಬ 44 ಸ್ಥಾನಕ್ಕೆ ಕುಸಿದ ವರ್ಷ ಆ ಎರಡು ಸೋಲನ್ನು ಪದ್ಧತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. 2022ರಲ್ಲಿ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದು ಶಶಿ ತರೂರ್ ಅವರನ್ನು ಸೋಲಿಸಿ ಅಧ್ಯಕ್ಷರಾದರು. ಸ್ಪರ್ಧೆ ನಡೆಯಿತು, ಪಕ್ಷವೇನೂ ಒಡೆಯಲಿಲ್ಲ. ಅಧ್ಯಕ್ಷಗಿರಿಗೆ ಆಗುವುದು ಟಿಕೆಟ್‌ಗೆ ಏಕೆ ಆಗಬಾರದು?

ಆಗದಿದ್ದರೆ ಏನಾಗುತ್ತದೆಂದು ಗೋವಾ ಕಣ್ಣಾರೆ ಕಂಡಿದೆ. 2019ರ ಜುಲೈನಲ್ಲಿ ಕಾಂಗ್ರೆಸ್ಸಿನ 15 ಶಾಸಕರಲ್ಲಿ 10 ಮಂದಿ ಬಿಜೆಪಿಗೆ ಹೋದರು. ಆ ಭಯಕ್ಕೆ 2022ರ ಜನವರಿಯಲ್ಲಿ ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ಪಣಜಿಯ ಮಹಾಲಕ್ಷ್ಮಿ ದೇಗುಲ, ಬಾಂಬೋಲಿಮ್‌ನ ಶಿಲುಬೆ, ಬೆತಿಮ್‌ನ ದರ್ಗಾಕ್ಕೆ ಕರೆದೊಯ್ದು ಪಕ್ಷ ಬಿಡುವುದಿಲ್ಲವೆಂದು ಪ್ರಮಾಣ ಮಾಡಿಸಿತು. ಸೆಪ್ಟೆಂಬರ್ 14ರಂದು ಗೆದ್ದ 11 ಶಾಸಕರಲ್ಲಿ 8 ಮಂದಿ ಹೊರಟುಹೋದರು. ಟಿಕೆಟ್ ಕೊಟ್ಟವರು ದೆಹಲಿಯಲ್ಲಿದ್ದಾಗ ಊರಿನ ಸದಸ್ಯರಿಗೆ ಶಾಸಕ ಏಕೆ ಹೆದರಬೇಕು? ಬಿಜೆಪಿಯಲ್ಲೂ ಇದೇ ಕಥೆ. 2019ರಲ್ಲಿ ಪಕ್ಷ ಸೇರಿದ ಅತಾನಾಸಿಯೊ ಮೊನ್ಸೆರಾತ್ ಅವರಿಗೆ 2022ರಲ್ಲಿ ಪಣಜಿಯ ಟಿಕೆಟ್ ಸಿಕ್ಕಿತು. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರಿಕ್ಕರ್ ಅವರ ಮಗ ಉತ್ಪಲ್ ಪಕ್ಷೇತರರಾಗಿ ನಿಂತು 716 ಮತಗಳಿಂದ ಸೋತರು. ಪರಿಕ್ಕರ್ ಅವರ ಮಗನೆಂಬ ಕಾರಣಕ್ಕೆ ಉತ್ಪಲ್‌ಗೆ ಟಿಕೆಟ್ ಸಿಗಬೇಕಿತ್ತು ಎಂಬುದು ನನ್ನ ವಾದವಲ್ಲ. ಪಣಜಿಯಲ್ಲಿ ದಶಕಗಳಿಂದ ಪಕ್ಷಕ್ಕಾಗಿ ಬೆವರು ಸುರಿಸಿದವರು ಇಬ್ಬರಲ್ಲಿ ಯಾರನ್ನು ಆರಿಸುತ್ತಿದ್ದರು? ಕೇಳಿದ್ದರಲ್ಲವೇ ತಿಳಿಯುವುದು!

ಅಭ್ಯರ್ಥಿಯನ್ನು ಮತದಿಂದ ಆರಿಸುವ ಹಕ್ಕು ಅಮೆರಿಕದವರಿಗೂ ತಾನಾಗಿ ಬರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿ ಆಯ್ಕೆಯ ಮತದಾನದಲ್ಲಿ, ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ಪಕ್ಷದ ಅಧಿವೇಶನ ನಡೆದ ಷಿಕಾಗೋದ ಬೀದಿಯಲ್ಲೂ ಅಧಿವೇಶನದೊಳಗೂ ಸಿಟ್ಟು ಸ್ಫೋಟಿಸಿತು. ಆ ಸಿಟ್ಟಿನಿಂದಲೇ ಪಕ್ಷ ನಿಯಮ ಬದಲಿಸಿತು. 1972ರ ಹೊತ್ತಿಗೆ ಆಯ್ಕೆ ಬಹುಮಟ್ಟಿಗೆ ಮತದಾರರ ಕೈಗೆ ಬಂತು. ಅಲ್ಲಿಯ ಹಣದ ಹಾವಳಿ ನಮಗೆ ಬೇಡ. ಆದರೆ ಇಲ್ಲಿ ಮುಚ್ಚಿದ ಬಾಗಿಲ ಹಿಂದೆ ಟಿಕೆಟ್ ಹಂಚುವಾಗ ಹಣ ಓಡಾಡುವುದಿಲ್ಲವೆಂದು ಎದೆ ಮುಟ್ಟಿ ಹೇಳುವವರು ಯಾರು?

ಕಾನೂನು ಆಯೋಗ 1999ರಲ್ಲೇ, ತನ್ನ 170ನೇ ವರದಿಯಲ್ಲಿ, ಪಕ್ಷಗಳೊಳಗಿನ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕೆಂದಿತು. ಸಂಸತ್ತು ಕಿವಿಗೊಡಲಿಲ್ಲ. ಆದರೆ 1985ರ ಪಕ್ಷಾಂತರ ನಿಷೇಧ ಕಾನೂನಿನ ಮೂಲಕ ಶಾಸಕ, ಸಂಸದರನ್ನು ಪಕ್ಷದ ವಿಪ್‌ಗೆ ಕಟ್ಟಿಹಾಕಿದ್ದು ಇದೇ ಸಂಸತ್ತು. ಪ್ರತಿನಿಧಿಯ ಮೇಲೆ ಪಕ್ಷಕ್ಕೆ ಅಷ್ಟು ಅಧಿಕಾರ ಕೊಟ್ಟ ಮೇಲೆ, ಪಕ್ಷದ ಮೇಲೆ ಸದಸ್ಯರಿಗೆ ಅಧಿಕಾರ ಕೊಡಲೇಬೇಕು. ಸದಸ್ಯರ ಪಟ್ಟಿ ಬಹಿರಂಗವಾಗಲಿ, ಚುನಾವಣಾ ಆಯೋಗದ ಮೇಲ್ವಿಚಾರಣೆಯಲ್ಲಿ ಗುಪ್ತ ಮತದಾನ ನಡೆಯಲಿ, ಅದರಲ್ಲಿ ಗೆದ್ದವರಿಗೇ ಚಿಹ್ನೆ ಸಿಗಲಿ. ಗೋವಾದಲ್ಲಿರುವುದು 40 ಕ್ಷೇತ್ರ. ಒಂದೊಂದರಲ್ಲಿ ಸರಾಸರಿ 30 ಸಾವಿರದೊಳಗೆ ಮತದಾರರು. ಆರಂಭಕ್ಕೆ ಇದಕ್ಕಿಂತ ತಕ್ಕ ರಾಜ್ಯವಿಲ್ಲ. ಕಾನೂನು ಬರುವ ತನಕ ಕಾಯಬೇಕಾಗಿಯೂ ಇಲ್ಲ. ಮುಂದಿನ ವಿಧಾನಸಭಾ ಚುನಾವಣೆಗೆ ಟಿಕೆಟ್ ಹಂಚುವ ಮುನ್ನ ಗೋವಾದ ಪ್ರತಿ ಪಕ್ಷದ ಸದಸ್ಯರೂ ತಮ್ಮ ಬ್ಲಾಕ್ ಸಮಿತಿಯೆದುರು ನಿಂತು ಮತಪೆಟ್ಟಿಗೆ ಕೇಳಲಿ. ಇಡಲು ಒಪ್ಪದ ಪಕ್ಷಕ್ಕೆ ಪೋಸ್ಟರ್ ಅಂಟಿಸಲು ಹೋಗದಿರಲಿ.