ವೈರಸ್‌ನಿರೋಧಕ ತಂತ್ರಾಂಶ: ಭಯದ ವ್ಯಾಪಾರವೋ, ಭದ್ರತೆಯ ಕಾಯಕವೋ?

ಬಸವಕಲ್ಯಾಣ, ಹುಮನಾಬಾದ್‌ಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಮನೆಯ ಗಣಕಯಂತ್ರವೆಂಬುದು ಹೆಸರಿಗೆ ಮಾತ್ರ ಮನೆಯದು. ಅಡತಿ ಅಂಗಡಿಯ ಟ್ಯಾಲಿ ಲೆಕ್ಕ, ಸರಕು ಮತ್ತು ಸೇವಾ ತೆರಿಗೆಯ ವಿವರಪತ್ರ, ಸರಕು ತುಂಬಿದ ಲಾರಿ ಹೊರಡುವ ಮುನ್ನ ತೆಗೆಯಬೇಕಾದ ಇ-ವೇ ಬಿಲ್ಲು, ಬ್ಯಾಂಕಿನ ವ್ಯವಹಾರ ಇವೆಲ್ಲವೂ ಅದೇ ಯಂತ್ರದಲ್ಲಿ ನಡೆಯುತ್ತವೆ. ಸಂಜೆಯಾದೊಡನೆ ಮಕ್ಕಳು ಅದರ ಮುಂದೆ ಕುಳಿತು ಪಾಠವನ್ನೂ ಆಟವನ್ನೂ ನಡೆಸುತ್ತಾರೆ. ಮಗ ಸ್ನೇಹಿತನಿಂದ ತಂದ ಪೆನ್‌ಡ್ರೈವ್ ಮತ್ತು ತಂದೆಯ ವರ್ಷದ ಲೆಕ್ಕ ಒಂದೇ ಪೆಟ್ಟಿಗೆಯೊಳಗೆ ಸೇರುತ್ತವೆ. ಹೀಗಿರುವಾಗ ಆ ಯಂತ್ರಕ್ಕೆ ವೈರಸ್ ತಗಲಿದರೆ ಹಾಳಾಗುವುದು ಒಂದು ಆಟಿಕೆಯಲ್ಲ, ಒಂದು ಕುಟುಂಬದ ಕೀರ್ದಿ-ಖಾತೆ. ಈ ಕಾರಣದಿಂದಲೇ ವೈರಸ್‌ನಿರೋಧಕ ತಂತ್ರಾಂಶದ ವಿಷಯ ಕೇವಲ ತಂತ್ರಜ್ಞರಿಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಅದು ವಾಣಿಜ್ಯ ಸಮುದಾಯ ಗಂಭೀರವಾಗಿ ಚರ್ಚಿಸಬೇಕಾದ ವಿಷಯವಾಗಿದೆ.

ಸಾಮಾನ್ಯ ಬಳಕೆದಾರನ ಕಲ್ಪನೆ ಸರಳವಾದುದು. ಅಂಗಡಿಯಿಂದ ವೈರಸ್‌ನಿರೋಧಕ ತಂದು ಹಾಕಿಸಿದರೆ ವರ್ಷವಿಡೀ ನಿಶ್ಚಿಂತೆ. ಮೂಲೆಯಲ್ಲಿ ಹಸಿರು ಗುರುತು ಕಂಡರೆ ಎಲ್ಲವೂ ಕ್ಷೇಮ. ಈ ಕಲ್ಪನೆ ಅರ್ಧ ಸತ್ಯ. ಉಳಿದ ಅರ್ಧವನ್ನು ಗ್ರಾಹಕನಿಗೆ ಹೇಳುವವರು ವಿರಳ. ಏಕೆಂದರೆ ಆ ಅರ್ಧವನ್ನು ಮಾರಾಟ ಮಾಡಲು ಬರುವುದಿಲ್ಲ.

ನೆರೆಯ ಪುಣೆಯ ಪಾಠ

ವೈರಸ್‌ಗಳ ಇತಿಹಾಸ ದೀರ್ಘವಾದುದು. 1986ರಲ್ಲಿ ಲಾಹೋರ್‌ನ ಇಬ್ಬರು ಸಹೋದರರು ರಚಿಸಿದ ‘ಬ್ರೇನ್’ ಫ್ಲಾಪಿಗಳ ಮೂಲಕ ಹರಡಿತು. 2000ದ ಮೇ ತಿಂಗಳಿನಲ್ಲಿ ‘ಐ ಲವ್ ಯೂ’ ಮಿಂಚಂಚೆಗಳ ಮೂಲಕ ಜಗತ್ತನ್ನು ಸುತ್ತಿತು. 2003ರ ‘ಬ್ಲಾಸ್ಟರ್’, 2008ರ ‘ಕಾನ್‌ಫಿಕರ್’ ವಿಂಡೋಸ್‌ನ ದೋಷಗಳನ್ನೇ ಬಳಸಿಕೊಂಡು ತಾವಾಗಿಯೇ ಯಂತ್ರದಿಂದ ಯಂತ್ರಕ್ಕೆ ದಾಟಿದವು. ನಮ್ಮ ಕಡೆಯ ಬಳಕೆದಾರರಿಗೆ ಹೆಚ್ಚು ಪರಿಚಿತವಾದುದು ಪೆನ್‌ಡ್ರೈವ್‌ನ ವೈರಸ್. ಕಡತಕೋಶದ ಚಿತ್ರವನ್ನು ಹೊತ್ತು ‘ನ್ಯೂ ಫೋಲ್ಡರ್’ ಎಂಬ ಹೆಸರಿನಲ್ಲಿ ಕುಳಿತಿರುತ್ತಿದ್ದ ಆ ಉಪದ್ರವವನ್ನು ಕಾಣದ ಸೈಬರ್ ಕೇಂದ್ರವಾಗಲಿ, ಡಿ.ಟಿ.ಪಿ. ಅಂಗಡಿಯಾಗಲಿ ಆ ದಿನಗಳಲ್ಲಿ ಇದ್ದಿರಲಾರದು. ಪೆನ್‌ಡ್ರೈವ್ ಚುಚ್ಚಿದೊಡನೆ ಅದರೊಳಗಿನ ಕಾರ್ಯಕ್ರಮ ತಾನಾಗಿ ಚಾಲನೆಗೊಳ್ಳುವ ‘ಆಟೋರನ್’ ಸೌಲಭ್ಯವೇ ಅದಕ್ಕೆ ರಾಜಮಾರ್ಗವಾಗಿತ್ತು. ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ ಆ ಮಾರ್ಗವನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ 2011ರಲ್ಲಿ ವ್ಯಾಪಕವಾಗಿ ವಿತರಿಸಿತು. ಆದರೆ ನಕಲಿ ವಿಂಡೋಸ್ ಹಾಕಿಸಿಕೊಂಡು ಪರಿಷ್ಕರಣೆಯನ್ನೇ ನಿಲ್ಲಿಸಿದ್ದವರ ಯಂತ್ರಗಳಿಗೆ ಅದು ತಲುಪುವ ಬಗೆ ಇರಲಿಲ್ಲ.

ಈ ಉಪದ್ರವದ ನಡುವೆ ಭಾರತದಲ್ಲಿಯೇ ಒಂದು ಉದ್ಯಮ ಬೆಳೆದುದು ಗಮನಾರ್ಹ. ಹುಮನಾಬಾದ್‌ನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65ರ ಪಶ್ಚಿಮದ ತುದಿಯಲ್ಲಿರುವ ಪುಣೆಯಲ್ಲಿ ಕೈಲಾಸ್ ಕಾಟ್ಕರ್ ಕ್ಯಾಲ್ಕ್ಯುಲೇಟರ್‌ಗಳ ದುರಸ್ತಿಯಿಂದ ವೃತ್ತಿ ಆರಂಭಿಸಿದರು. ದುರಸ್ತಿಗೆ ಬರುತ್ತಿದ್ದ ಗಣಕಯಂತ್ರಗಳಲ್ಲಿ ವೈರಸ್‌ಗಳ ಕಾಟ ಕಂಡು, ಅವರ ಸಹೋದರ ಸಂಜಯ್ ಕಾಟ್ಕರ್ ಅವುಗಳನ್ನು ತೆಗೆಯುವ ತಂತ್ರಾಂಶ ಬರೆದರು. 1995ರಲ್ಲಿ ಕ್ಯಾಟ್ ಕಂಪ್ಯೂಟರ್ ಸರ್ವಿಸಸ್ ಎಂಬ ಹೆಸರಿನಲ್ಲಿ ನೋಂದಣಿಯಾದ ಆ ಸಂಸ್ಥೆ 2007ರಲ್ಲಿ ಕ್ವಿಕ್ ಹೀಲ್ ಟೆಕ್ನಾಲಜೀಸ್ ಆಯಿತು. 2016ರಲ್ಲಿ ಅದರ ಷೇರುಗಳು ವಿನಿಮಯ ಕೇಂದ್ರಗಳಲ್ಲಿ ನಮೂದಾದವು. ಚೆನ್ನೈನ ಕೆ7 ಕಂಪ್ಯೂಟಿಂಗ್ ಕೂಡ ಇದೇ ಕಾಲದ ಸಂಸ್ಥೆ. ಇವುಗಳ ಏಳಿಗೆಗೆ ತಂತ್ರಜ್ಞಾನದಷ್ಟೇ ಮುಖ್ಯವಾದ ಕಾರಣ ಸಣ್ಣ ಊರಿನ ಮಾರಾಟಗಾರ. ಗ್ರಾಹಕನ ಮನೆಗೆ ಹೋಗಿ, ಅವನ ಭಾಷೆಯಲ್ಲಿ ಮಾತನಾಡಿ, ಯಂತ್ರವನ್ನು ಸರಿಪಡಿಸಿಕೊಡುವ ಮನುಷ್ಯನೇ ಈ ಉದ್ಯಮದ ಬೆನ್ನೆಲುಬು. ಆ ಕೊಂಡಿ ಇಂದಿಗೂ ಅಮೂಲ್ಯವಾದುದು. ಅದರ ದುರ್ಬಳಕೆಯೇ ಇಂದಿನ ಸಮಸ್ಯೆ.

ಬಾಗಿಲು ತೆರೆದಿಟ್ಟು ಬೀಗ ಕೊಂಡಂತೆ

ವೈರಸ್‌ನಿರೋಧಕ ಕೆಲಸ ಮಾಡುವ ಬಗೆಯನ್ನು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಈಗಾಗಲೇ ಪತ್ತೆಯಾದ ವೈರಸ್‌ಗಳ ಗುರುತುಗಳ ಪಟ್ಟಿಯೊಂದನ್ನು ಅದು ಇಟ್ಟುಕೊಂಡು ಪ್ರತಿ ಕಡತವನ್ನೂ ಹೋಲಿಸುತ್ತದೆ. ಜೊತೆಗೆ ಕಾರ್ಯಕ್ರಮವೊಂದರ ನಡವಳಿಕೆ ಸಂಶಯಾಸ್ಪದವಾಗಿದ್ದರೆ ತಡೆಯುತ್ತದೆ. ಪಟ್ಟಿ ನಿತ್ಯವೂ ಹೊಸದಾಗುತ್ತಿರಬೇಕು. ಅವಧಿ ಮುಗಿದು ಪರಿಷ್ಕರಣೆ ನಿಂತ ತಂತ್ರಾಂಶವು ಕಳೆದ ವರ್ಷದ ಪಂಚಾಂಗವಿದ್ದಂತೆ; ಗೋಡೆಯ ಮೇಲೆ ತೂಗುತ್ತಿರುತ್ತದೆ, ಇಂದಿನ ತಿಥಿ ಹೇಳಲಾರದು. ಇನ್ನು ಯಜಮಾನನೇ ‘ಇದನ್ನು ಒಳಗೆ ಬಿಡು’ ಎಂದು ಆಜ್ಞಾಪಿಸಿದರೆ ಕಾವಲುಗಾರ ಮಾಡುವುದಾದರೂ ಏನು?

ಆ ಆಜ್ಞೆ ಹೊರಡುವುದು ಬಹುತೇಕ ‘ಕ್ರ್ಯಾಕ್’ ಹಾಕುವಾಗ. ನಕಲಿ ವಿಂಡೋಸ್, ನಕಲಿ ಆಫೀಸ್, ನಕಲಿ ಲೆಕ್ಕಪತ್ರ ತಂತ್ರಾಂಶಗಳ ಜೊತೆ ಬರುವ ಮೊದಲ ಸೂಚನೆಯೇ ‘ವೈರಸ್‌ನಿರೋಧಕವನ್ನು ಆಫ್ ಮಾಡಿ’ ಎಂಬುದು. 2018ರಿಂದ ಜಗತ್ತಿನಾದ್ಯಂತ ಗೃಹಬಳಕೆದಾರರನ್ನು ಕಾಡಿದ ‘ಸ್ಟಾಪ್-ಡಿಜೆವಿಯು’ ಎಂಬ ಒತ್ತೆಹಣದ ವೈರಸ್ ಮುಖ್ಯವಾಗಿ ಹರಡಿದುದು ಇಂತಹ ಕ್ರ್ಯಾಕ್‌ಗಳ ಒಳಗೆ ಅಡಗಿಯೇ. ಅದು ಕಡತಗಳನ್ನು ಅಳಿಸುವುದಿಲ್ಲ. ಗೂಢಲಿಪಿಯಲ್ಲಿ ಬಂಧಿಸಿ, ಬಿಡುಗಡೆಗೆ ಹಣ ಕೇಳುತ್ತದೆ. 2019ರ ಅಕ್ಟೋಬರ್‌ನಲ್ಲಿ ತಜ್ಞರು ಅದರ ಹಲವು ರೂಪಾಂತರಗಳಿಗೆ ಉಚಿತ ಬಿಡುಗಡೆಯ ಸಾಧನವನ್ನು ಕೊಟ್ಟರಾದರೂ, ಅನಂತರ ಬಂದ ರೂಪಾಂತರಗಳಿಗೆ ತುತ್ತಾದ ಅನೇಕರಿಗೆ ಅದು ನೆರವಾಗಲಿಲ್ಲ. ಕೆಲವು ಸಾವಿರ ರೂಪಾಯಿ ಉಳಿಸಲು ಹಾಕಿಸಿದ ನಕಲಿ ತಂತ್ರಾಂಶವು ಹಲವು ವರ್ಷಗಳ ಲೆಕ್ಕವನ್ನು ನುಂಗಬಲ್ಲದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಪ್ರತಿಯೆಂದು ತಿಳಿದೂ ಬಳಸುವುದು ಅಪರಾಧವೆಂಬುದು ಬೇರೆ ಮಾತು.

ಪರಿಷ್ಕರಣೆಯ ಮಹತ್ವಕ್ಕೆ 2017ರ ‘ವನ್ನಾಕ್ರೈ’ಗಿಂತ ಬೇರೆ ನಿದರ್ಶನ ಬೇಕಿಲ್ಲ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ದಾಳಿ ನಡೆದುದು ಮೇ 12ರಂದು. ಸುಮಾರು ಎರಡು ತಿಂಗಳ ಅವಕಾಶವಿದ್ದರೂ ಪರಿಷ್ಕರಿಸದೆ ಉಳಿದ ಯಂತ್ರಗಳೇ ಬಲಿಯಾದವು. ಅದೇ ಪ್ರಶ್ನೆ ಈಗ ಮತ್ತೆ ಎದುರಾಗಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಗೃಹಬಳಕೆದಾರರಿಗೆಂದು ಪ್ರಕಟಿಸಿದ ಹೆಚ್ಚುವರಿ ಭದ್ರತಾ ಯೋಜನೆಯ ಮಿತಿ 2026ರ ಅಕ್ಟೋಬರ್ 13. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ರ ಷರತ್ತುಗಳನ್ನು ಪೂರೈಸುವುದಿಲ್ಲ. ಅಂತಹ ಯಂತ್ರಕ್ಕೆ ಹೊಸ ವೈರಸ್‌ನಿರೋಧಕ ಹಾಕಿ ‘ಇನ್ನು ಭಯವಿಲ್ಲ’ ಎನ್ನುವುದು ಗೆದ್ದಲು ತಿಂದ ಬಾಗಿಲಿಗೆ ಹಿತ್ತಾಳೆಯ ಬೀಗ ಹಾಕಿದಂತೆ. ಬರಹ, ಅಂತರಜಾಲಗಳಿಗಷ್ಟೇ ಬಳಕೆಯಾಗುವ ಯಂತ್ರವಾದರೆ ಉಚಿತವಾದ ಲಿನಕ್ಸ್ ಹಾಕಿಸಬಹುದು. ಲೆಕ್ಕಪತ್ರದ ಯಂತ್ರವನ್ನಾದರೂ ಕ್ರಮಬದ್ಧ ಪರವಾನಗಿಯೊಡನೆ ಬದಲಿಸುವುದು ವಿವೇಕ.

ಹಣ ಯಾವುದಕ್ಕೆ ಸಲ್ಲಬೇಕು?

ಹಾಗಾದರೆ ವೈರಸ್‌ನಿರೋಧಕಕ್ಕೆ ಹಣ ತೆರಲೇಬೇಕೆ? 2012ರ ವಿಂಡೋಸ್ 8ರಿಂದ ಈಚೆಗೆ ‘ಡಿಫೆಂಡರ್’ ಎಂಬ ವೈರಸ್‌ನಿರೋಧಕ ವಿಂಡೋಸ್‌ನೊಳಗೇ ಇರುತ್ತದೆ. ಆರಂಭದಲ್ಲಿ ಅದು ದುರ್ಬಲವೆನಿಸಿದ್ದುದು ನಿಜ. ಆದರೆ ಕೆಲವು ವರ್ಷಗಳಿಂದ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಸ್ವತಂತ್ರ ಪರೀಕ್ಷೆಗಳಲ್ಲಿ ಹಣ ತೆತ್ತು ಕೊಳ್ಳುವ ತಂತ್ರಾಂಶಗಳಿಗೆ ಸರಿಸಮನಾದ ಅಂಕಗಳನ್ನು ಪಡೆಯುತ್ತಿದೆ. ಅಸಲಿ ವಿಂಡೋಸ್, ನಿಯತ ಪರಿಷ್ಕರಣೆ, ಕ್ರ್ಯಾಕ್‌ಗಳಿಂದ ದೂರ ಎಂಬ ಮೂರು ನಿಯಮ ಪಾಲಿಸುವ ಸಾಮಾನ್ಯ ಕುಟುಂಬಕ್ಕೆ ಅಷ್ಟು ಸಾಕು. ಬೇರೊಂದು ತಂತ್ರಾಂಶ ಹಾಕಿಸಿದರೆ ಡಿಫೆಂಡರ್ ಹಿಂದೆ ಸರಿಯುತ್ತದೆ. ಆದುದರಿಂದ ಹಾಕಿಸಿದ ತಂತ್ರಾಂಶದ ಅವಧಿ ಮುಗಿದಾಗ ನವೀಕರಿಸಬೇಕು. ಇಲ್ಲವೇ ತೆಗೆದುಹಾಕಿ ಡಿಫೆಂಡರ್ ಮರಳಿ ಕಾರ್ಯನಿರತವಾಗಿದೆಯೇ ಎಂದು ನೋಡಬೇಕು. ಒಂದೇ ಯಂತ್ರದಲ್ಲಿ ಎರಡು ವೈರಸ್‌ನಿರೋಧಕ ಹಾಕಿಸುವುದರಿಂದ ಭದ್ರತೆ ಇಮ್ಮಡಿಯಾಗದು, ಯಂತ್ರ ಮಂದವಾದೀತು.

ವರ್ತಕರು ಇದಕ್ಕೆ ಆಕ್ಷೇಪವೆತ್ತುವುದು ಸಹಜ. ಹಣ ಕೊಟ್ಟು ಕೊಂಡ ತಂತ್ರಾಂಶದ ಜೊತೆ ನೆರವು ದೊರೆಯುತ್ತದೆ, ಕರೆದರೆ ಬರುವ ಮನುಷ್ಯನಿರುತ್ತಾನೆ ಎಂಬ ವಾದದಲ್ಲಿ ಹುರುಳಿದೆ. ನಾಲ್ಕಾರು ಗಣಕಯಂತ್ರಗಳಿರುವ ಬೇಳೆ ಗಿರಣಿ, ಹುಮನಾಬಾದ್ ಕೈಗಾರಿಕಾ ಪ್ರದೇಶದ ಘಟಕ, ಸಹಕಾರ ಸಂಘಗಳಿಗೆ ಕೇಂದ್ರೀಕೃತ ನಿಯಂತ್ರಣವಿರುವ ತಂತ್ರಾಂಶ ಅಗತ್ಯವೂ ಹೌದು. ಆದರೆ ಗ್ರಾಹಕ ಕೊಳ್ಳುತ್ತಿರುವುದು ನೆರವಿನ ಸೇವೆಯೋ, ಕೇವಲ ಒಂದು ಸಂಖ್ಯೆಯ ಚೀಟಿಯೋ ಎಂಬುದು ಅವನಿಗೆ ಸ್ಪಷ್ಟವಾಗಿರಬೇಕು. ಭಯಪಡಿಸಿ ಮಾರಿದ ಸರಕು ಒಮ್ಮೆ ಮಾರಾಟವಾದೀತು. ವಿಶ್ವಾಸದಿಂದ ಮಾರಿದ ಸೇವೆ ವರ್ಷವರ್ಷವೂ ನವೀಕರಣಗೊಳ್ಳುತ್ತದೆ.

ಹಣ ಮೊದಲು ಸಲ್ಲಬೇಕಾದುದು ಲೆಕ್ಕದ ಪ್ರತಿಗೆ. ಅದೇ ಯಂತ್ರದ ಡಿ ಡ್ರೈವ್‌ನಲ್ಲಿಟ್ಟ ಪ್ರತಿ ಪ್ರತಿಯಲ್ಲ. ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್‌ನಲ್ಲಿ ಇಟ್ಟುದೂ ಪ್ರತಿಯಲ್ಲ. ಒತ್ತೆಹಣದ ವೈರಸ್ ಇವೆರಡನ್ನೂ ಒಟ್ಟಿಗೇ ಬಂಧಿಸುತ್ತದೆ. ಎರಡು ಬಾಹ್ಯ ಡಿಸ್ಕ್‌ಗಳನ್ನು ಇಟ್ಟುಕೊಂಡು, ವಾರಕ್ಕೊಂದರಂತೆ ಸರದಿಯಲ್ಲಿ ಪ್ರತಿ ತೆಗೆದು, ಕೂಡಲೇ ಬಿಚ್ಚಿ, ಒಂದನ್ನು ಅಂಗಡಿಯಲ್ಲಿ, ಇನ್ನೊಂದನ್ನು ಮನೆಯ ತಿಜೋರಿಯಲ್ಲಿ ಇಡುವುದು ಸುಲಭದ ಕ್ರಮ. ತೆಗೆದ ಪ್ರತಿ ತೆರೆಯುತ್ತದೆಯೇ ಎಂದು ಆಗಾಗ ನೋಡಬೇಕು. ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವ ವ್ಯಾಪಾರಿ ಸಮಾಜಕ್ಕೆ ಲೆಕ್ಕವನ್ನು ಕಾಯುವ ಶಿಸ್ತನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಪುಸ್ತಕದ ರೂಪ ಬದಲಾಗಿದೆ ಎಂಬುದನ್ನು ನೆನಪಿಸಿದರೆ ಸಾಕು. ಮಕ್ಕಳಿಗೆ ಬೇರೆ ಬಳಕೆದಾರ ಖಾತೆ ತೆರೆದು, ಆ ಖಾತೆಗೆ ತಂತ್ರಾಂಶ ಅಳವಡಿಸುವ ಅಧಿಕಾರ ಕೊಡದಿರುವುದಕ್ಕೆ ಒಂದು ಪೈಸೆಯೂ ವೆಚ್ಚವಾಗದು.

ಯಾವ ವೈರಸ್‌ನಿರೋಧಕವೂ ತಡೆಯಲಾರದ ಇನ್ನೊಂದು ಬಗೆಯ ಮೋಸವಿದೆ. ಪರದೆಯ ತುಂಬ ‘ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಎಚ್ಚರಿಕೆ ಮೂಡುತ್ತದೆ. ಕರೆ ಮಾಡಿದವನ ಯಂತ್ರವನ್ನು ದೂರನಿಯಂತ್ರಣಕ್ಕೆ ಪಡೆದು ಖಾತೆಯನ್ನು ಬರಿದು ಮಾಡುತ್ತಾರೆ. ದೂರನಿಯಂತ್ರಣ ತಂತ್ರಾಂಶಗಳ ಇಂತಹ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲಿಯೇ ಎಚ್ಚರಿಸಿತ್ತು. 2024ರಲ್ಲಿ ವಾಟ್ಸ್‌ಆ್ಯಪ್ ಮೂಲಕ ಮದುವೆಯ ಕರೆಯೋಲೆಯ ವೇಷದಲ್ಲಿ ಬರುವ ಎಪಿಕೆ ಕಡತಗಳ ಬಗ್ಗೆ ಪೊಲೀಸರು ಎಚ್ಚರಿಕೆ ನೀಡಿದರು. ಲಗ್ನಪತ್ರಿಕೆಯನ್ನು ತೆರೆಯದಿರುವುದು ನಮ್ಮ ಕಡೆ ಅಗೌರವ. ವಂಚಕರು ಬಳಸಿಕೊಳ್ಳುವುದು ಈ ಸೌಜನ್ಯವನ್ನೇ. ಹಣ ಕಳೆದುಕೊಂಡವರು ಸಂಕೋಚಪಡದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವ ಅವಕಾಶ ಕ್ಷೀಣಿಸುತ್ತದೆ.

ವಾಣಿಜ್ಯ ಸಮುದಾಯದ ಹೊಣೆ

ಬಸವಕಲ್ಯಾಣದ ಆಟೋ ನಗರದಲ್ಲಾಗಲಿ, ಬೇರೆಲ್ಲಿಯಾಗಲಿ, ಒಳ್ಳೆಯ ಮೆಕ್ಯಾನಿಕ್ ಬದಲಿಸಿದ ಹಳೆಯ ಬಿಡಿಭಾಗವನ್ನು ಮಾಲೀಕನ ಕೈಗೆ ಕೊಡುತ್ತಾನೆ. ಯಾವುದು ಹೋಯಿತು, ಯಾವುದು ಬಂದಿತು ಎಂಬುದು ಕಣ್ಣಿಗೆ ಕಾಣುತ್ತದೆ. ಗಣಕಯಂತ್ರ ದುರಸ್ತಿಯಲ್ಲಿ ಗ್ರಾಹಕನಿಗೆ ಏನೂ ಕಾಣದು. ಆದುದರಿಂದಲೇ ಇಲ್ಲಿ ಬಿಲ್ಲಿನ ಮಹತ್ವ ಹೆಚ್ಚು. ಹಾಕಿದ ವಿಂಡೋಸ್ ಅಸಲಿಯೇ, ವೈರಸ್‌ನಿರೋಧಕದ ಅವಧಿ ಯಾವ ದಿನಾಂಕದವರೆಗೆ, ದುರಸ್ತಿಗೆ ಮುನ್ನ ಲೆಕ್ಕದ ಪ್ರತಿ ತೆಗೆಯಲಾಯಿತೇ ಎಂಬ ಮೂರು ಸಾಲುಗಳನ್ನು ಪ್ರತಿ ಬಿಲ್ಲಿನಲ್ಲಿ ಬರೆಯುವ ಪದ್ಧತಿಯನ್ನು ಎರಡೂ ಪಟ್ಟಣಗಳ ಗಣಕಯಂತ್ರ ವ್ಯಾಪಾರಿಗಳು ಸ್ವಯಂಪ್ರೇರಣೆಯಿಂದ ಒಪ್ಪಿಕೊಳ್ಳಬೇಕು. ಹಾಗೆ ಬರೆದುಕೊಡುವ ಅಂಗಡಿಗೆ ಗ್ರಾಹಕರು ನಾಲ್ಕು ಕಾಸು ಹೆಚ್ಚು ಕೊಡಲು ಹಿಂಜರಿಯಬಾರದು. ಅಗ್ಗದ ಕ್ರ್ಯಾಕ್ ಕೇಳುವ ಗ್ರಾಹಕನಿರುವವರೆಗೆ ಅದನ್ನು ಹಾಕಿಕೊಡುವ ಅಂಗಡಿಯೂ ಇರುತ್ತದೆ. ದೋಷ ಒಬ್ಬರದೇ ಅಲ್ಲ.

ಸರ್ಕಾರದ ಕಡೆಯಿಂದ ಸಾಧನಗಳಿಲ್ಲವೆಂದಲ್ಲ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ವೈರಸ್ ತೆಗೆಯುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪೆನ್‌ಡ್ರೈವ್‌ಗಳ ಮೇಲೆ ನಿಗಾ ಇಡಲು ಸಿ-ಡ್ಯಾಕ್ ‘ಯುಎಸ್‌ಬಿ ಪ್ರತಿರೋಧ್’ ರೂಪಿಸಿದೆ. ಕೊರತೆಯಿರುವುದು ಇವುಗಳನ್ನು ಕನ್ನಡ, ಮರಾಠಿ, ಉರ್ದು ಬಲ್ಲ ಬಳಕೆದಾರನಿಗೆ ಅವನ ಮಾತಿನಲ್ಲಿ ತಿಳಿಸಿಕೊಡುವವರದು. ಈ ಕೆಲಸ ವಾಣಿಜ್ಯ ಮಂಡಳಿಯಿಂದ ಆಗಬಲ್ಲದು. ವರ್ಷಕ್ಕೆರಡು ಬಾರಿ ಬಸವಕಲ್ಯಾಣದಲ್ಲಿಯೂ ಹುಮನಾಬಾದ್‌ನಲ್ಲಿಯೂ ಒಂದೊಂದು ದಿನದ ತಪಾಸಣಾ ಶಿಬಿರ ನಡೆಸಿ, ಸ್ಥಳೀಯ ತಂತ್ರಜ್ಞರಿಂದಲೇ ಯಂತ್ರಗಳನ್ನು ಪರೀಕ್ಷಿಸಿ, ಪ್ರತಿ ತೆಗೆಯುವ ಕ್ರಮವನ್ನು ಕೈಹಿಡಿದು ಕಲಿಸಿದರೆ, ಅದರ ವೆಚ್ಚ ಒಬ್ಬ ವ್ಯಾಪಾರಿ ಲೆಕ್ಕ ಕಳೆದುಕೊಂಡಾಗ ಆಗುವ ನಷ್ಟಕ್ಕಿಂತ ಕಡಿಮೆಯೇ ಆದೀತು.

ಹನ್ನೆರಡನೆಯ ಶತಮಾನದಲ್ಲಿ ಕಾಯಕಕ್ಕೆ ಗೌರವದ ಸ್ಥಾನ ಕೊಟ್ಟ ನೆಲ ಕಲ್ಯಾಣ. ಅಲ್ಲಿ ಕಾಯಕವೆಂದರೆ ದುಡಿಮೆ ಮಾತ್ರವಲ್ಲ, ದುಡಿಮೆಯಲ್ಲಿನ ಪ್ರಾಮಾಣಿಕತೆ. ಗ್ರಾಹಕನ ಕಣ್ಣಿಗೆ ಕಾಣದ ಕೆಲಸದಲ್ಲಿಯೇ ಆ ಪ್ರಾಮಾಣಿಕತೆಯ ಪರೀಕ್ಷೆ ನಡೆಯುತ್ತದೆ. ವೈರಸ್‌ನಿರೋಧಕವನ್ನು ಮಾರುವವನೂ ಕೊಳ್ಳುವವನೂ ಇದನ್ನು ಅರಿತರೆ, ಯಂತ್ರದ ಮೂಲೆಯಲ್ಲಿನ ಹಸಿರು ಗುರುತಿಗೆ ನಿಜವಾದ ಅರ್ಥ ಬಂದೀತು.